ಇಪ್ಪತ್ತೇಳು ದೂರುಗಳು

“ಸಪೋರ್ಟ್ ವಿಭಾಗ, ಹೇಳಿ ಸರ್,” ಎಂದಳು ಅವಳು, ಒಂದು ಕೈಯಲ್ಲಿ ಒದ್ದೆ ಟವೆಲ್ ಹಿಡಿದುಕೊಂಡೇ.

ಬಟ್ಟೆ ಒಣಹಾಕುವ ಆ ಬಾಲ್ಕನಿಯೇ ಕಂಪನಿಯ ಸಪೋರ್ಟ್ ವಿಭಾಗ. ಊಟದ ಮೇಜಿನ ಕಿಟಕಿ ಕಡೆಯ ಕುರ್ಚಿ ಡೈರೆಕ್ಟರ್ ಕ್ಯಾಬಿನ್. ಹನ್ನೊಂದು ವರ್ಷ ತಣ್ಣಗೆ ಕೂರಿಸಿ ಸಂಬಳ ಕೊಟ್ಟ ವಿಮಾ ಕಂಪನಿಯ ಕೆಲಸ ಬಿಟ್ಟು ಅವಳಿಗೆ ಎಂಟು ತಿಂಗಳಾಗಿತ್ತು. ಕನ್ನಡಕದ ಅಂಗಡಿಗಳಿಗೆಂದೇ ಅವಳೊಂದು ಸಾಫ್ಟ್‌ವೇರ್ ಬರೆದಿದ್ದಳು. ಗ್ರಾಹಕರ ಕಣ್ಣಿನ ನಂಬರ್ ಜೋಪಾನವಾಗಿಟ್ಟು, ಲೆನ್ಸ್ ತಯಾರಿಸುವವರಿಗೆ ತಾನೇ ಆರ್ಡರ್ ಕಳಿಸುವ ಸಾಫ್ಟ್‌ವೇರ್ ಅದು. ಬರೆದವಳು, ಮಾರುವವಳು, ಬೈಸಿಕೊಳ್ಳುವವಳು ಎಲ್ಲ ಅವಳೇ. ಒಬ್ಬಳೇ ನಡೆಸುವ ಕಂಪನಿ ಎಂದರೆ ಅಂಗಡಿಯವರು ಮೂಗು ಮುರಿದಾರೆಂದು ಸಪೋರ್ಟ್‌ಗೆ ಮೃದು ದನಿ, ಟೆಕ್ನಿಕಲ್ ವಿಭಾಗಕ್ಕೆ ಅವಸರದ ದನಿ, ಡೈರೆಕ್ಟರ್‌ಗೆ ಗಂಟಲಾಳದ ಗಂಭೀರ ದನಿ ಎಂದು ಹಂಚಿಕೊಂಡಿದ್ದಳು. ದೊಡ್ಡ ಕಂಪನಿಯೆಂದರೆ ಜನ ನಂಬುತ್ತಾರೆ, ಏನು ಮಾಡುವುದು!

“ನಾನು ಮೇಡಂ. ನಿಮ್ಮ ಸ್ಕ್ರೀನಿನ ಹಸಿರು ಬಣ್ಣ ಯಾಕೋ ಕಣ್ಣಿಗೆ ಚುಚ್ಚುತ್ತೆ.”

ದನಿ ಕೇಳಿದ ಕೂಡಲೇ ಅವಳ ತುಟಿಯಂಚು ತಾನಾಗಿ ಮೇಲೇರಿತು. ಪೇಟೆಬೀದಿಯ ಮೂಲೆಯಲ್ಲಿ ಅಂಗಡಿ ಇಟ್ಟಿರುವ ಕನ್ನಡಕದವನು. ಅವಳು ಅವನ ಮುಖ ಕಂಡವಳಲ್ಲ, ಫೋನಿನ ಪರಿಚಯವಷ್ಟೇ.

“ಮೊನ್ನೆ ಅಕ್ಷರ ಸಣ್ಣ ಅಂದ್ರಿ, ನಿನ್ನೆ ದಪ್ಪ ಅಂದ್ರಿ. ಇವತ್ತು ಬಣ್ಣವಾ?”

“ಕಣ್ಣಿನ ವ್ಯಾಪಾರ ನೋಡಿ, ಸ್ವಲ್ಪ ನಾಜೂಕು.”

“ಡೈರೆಕ್ಟರ್ ಹತ್ರ ಮಾತಾಡ್ತೀರಾ?”

“ಬೇಡಪ್ಪ, ಅವರು ಬಲು ಜೋರು. ನೀವೇ ಸಾಕು.”

ಫೋನಿಟ್ಟ ಮೇಲೂ ನಗು ಸ್ವಲ್ಪ ಹೊತ್ತು ಉಳಿಯಿತು. ಆಮೇಲೆ ಪುಸ್ತಕ ತೆಗೆದು ಬರೆದಳು: ಇಪ್ಪತ್ತಾರನೆಯ ದೂರು. ಅಲ್ಲಿಗೆ ನಗು ಆರಿತು. ಉಳಿದ ಹನ್ನೊಂದು ಅಂಗಡಿಯವರು ಮುಲಾಜಿಗೆ ಸುಮ್ಮನಿದ್ದಾರೆ, ನೇರವಾಗಿ ಹೇಳುವವನು ಇವನೊಬ್ಬನೇ ಎಂದು ಅವಳಿಗೆ ಖಾತ್ರಿಯಾಗಿತ್ತು. ಅವನು ಹೇಳಿದ್ದನ್ನೆಲ್ಲ ನಿದ್ದೆಗೆಟ್ಟು ತಿದ್ದುತ್ತಿದ್ದಳು. ಬಣ್ಣಕ್ಕೇ ನಾಲ್ಕು ದಿನ ಹಿಡಿಯಿತು.

ಅಷ್ಟರಲ್ಲಿ ಹಳೆಯ ಬಾಸ್ ಫೋನ್ ಮಾಡಿದರು. ಅವಳ ಕುರ್ಚಿ ಇನ್ನೂ ಖಾಲಿಯಿತ್ತು. ಶುಕ್ರವಾರದೊಳಗೆ ಹೂಂ ಎನ್ನಬೇಕಿತ್ತು.

“ಹೋಗೇ ಪುಟ್ಟಿ,” ಎಂದರು ಅಮ್ಮ. “ಅಲ್ಲಿ ತಪ್ಪಾದ್ರೆ ಬೈಸಿಕೊಳ್ಳೋಕೆ ಜೊತೆಗೆ ನಾಲ್ಕು ಜನ ಇರ್ತಾರೆ. ಇಲ್ಲಿ ನೀನೊಬ್ಳೇ.”

ಅಮ್ಮನ ಮಾತು ಸುಳ್ಳಲ್ಲವಲ್ಲ ಎನ್ನುವುದೇ ಅವಳ ಸಂಕಟ.

ಗುರುವಾರ ಬೆಳಿಗ್ಗೆ ಅವನ ಫೋನ್ ಬಂದಾಗ ದನಿಯಲ್ಲಿ ತಮಾಷೆ ಇರಲಿಲ್ಲ. “ಇಬ್ಬರು ಗಿರಾಕಿಗಳ ಕನ್ನಡಕದಲ್ಲಿ ಲೆನ್ಸ್ ಅದಲುಬದಲಾಗಿ ಬಂದಿದೆ. ಬಲಗಣ್ಣಿನ ಲೆನ್ಸ್ ಎಡಕ್ಕೆ, ಎಡದ್ದು ಬಲಕ್ಕೆ. ಟೆಕ್ನಿಕಲ್‌ನವರನ್ನ ಕಳಿಸಿ, ನಾನು ಮುಖ ನೋಡಿ ಮಾತಾಡಬೇಕು.”

ಇಲ್ಲದ ವಿಭಾಗವನ್ನು ಎಲ್ಲಿಂದ ತರುವುದು? ತಾನೇ ಹೊರಟಳು.

ಊರಿಗೆಲ್ಲ ಕನ್ನಡಕ ಕೊಡುವವನ ಸ್ವಂತ ಕನ್ನಡಕದ ಕಡ್ಡಿಗೆ ದಾರ ಸುತ್ತಿತ್ತು. ಅದರ ಮೇಲಿನಿಂದ ಅವಳನ್ನು ನೋಡಿದ. ದೃಷ್ಟಿ ಒಂದು ಕ್ಷಣ ಹೆಚ್ಚೇ ನಿಂತಿತು. ತಕ್ಷಣ ಕಂಪ್ಯೂಟರಿನತ್ತ ಹೊರಳಿತು.

ಪರದೆಯ ಮೇಲೆ ಹೋದ ವಾರ ಅವಳೇ ಸೇರಿಸಿದ ಮುಖದ ಚಿತ್ರ. ಒಂದೊಂದು ಕಣ್ಣು ಒತ್ತಿ ಅದರ ನಂಬರ್ ತುಂಬಬೇಕು. “ಗಿರಾಕಿ ನನ್ನೆದುರು ಕೂತಾಗ ಅವರ ಬಲಗಣ್ಣು ನನ್ನ ಎಡಕ್ಕಿರುತ್ತೆ. ನಾನು ಹಾಗೇ ಒತ್ತಿದೆ,” ಎಂದ ಅವನು. “ನಿಮ್ಮದು ಅದನ್ನ ಎಡಗಣ್ಣು ಅಂತ ಕಳಿಸಿದೆ.”

ಅವಳಿಗೆ ಅರ್ಥವಾಯಿತು. ನೆಲ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು.

“ಕನ್ನಡಿ ಮುಂದೆ ಕೂತು, ನನ್ನ ಮುಖಾನೇ ನೋಡ್ಕೊಂಡು ಮಾಡಿದ್ದೆ,” ಎಂದಳು ಮೆಲ್ಲಗೆ. “ಕನ್ನಡೀಲಿ ಬಲಗಣ್ಣು ಬಲಕ್ಕೇ ಕಾಣುತ್ತೆ. ಎದುರಿಗೆ ಕೂರಿಸಿಕೊಳ್ಳೋಕೆ ಯಾರೂ ಇರ್ಲಿಲ್ಲ. ಟೆಕ್ನಿಕಲ್ ವಿಭಾಗ ಅಂತ ಯಾರೂ ಇಲ್ಲ. ಸಪೋರ್ಟೂ ನಾನೇ, ಡೈರೆಕ್ಟರೂ ನಾನೇ.”

“ಗೊತ್ತು.”

“ಗೊತ್ತಾ?”

“ಹೋದ ತಿಂಗಳು ಮೂರೂ ವಿಭಾಗಕ್ಕೆ ಒಂದೇ ದಿನ ನೆಗಡಿ ಆಗಿತ್ತಲ್ಲ.”

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. “ಇನ್ನು ಯಾವ ವಿಭಾಗಾನೂ ಇರಲ್ಲ ಬಿಡಿ. ಇಪ್ಪತ್ತೇಳು ದೂರು ನಿಮ್ಮದೇ. ಇದು ನನ್ನ ಕೈಲಾಗೋ ಕೆಲಸ ಅಲ್ಲ. ಹಳೇ ಆಫೀಸಿಗೆ ನಾಳೆ ಹೂಂ ಅಂತೀನಿ,” ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ಅವನ ಮುಖದ ಬಣ್ಣ ಇಳಿಯಿತು. ಪುಸ್ತಕ ತೆರೆದು ಒಂದೊಂದೇ ಪುಟ ಓದಿದ. “ಇದನ್ನೆಲ್ಲ ಬರ್ಕೊಂಡ್ರಾ?”

“ತಿದ್ದಿದೆ ಕೂಡ.”

“ಹಸಿರು ಬಣ್ಣ ಚೆನ್ನಾಗೇ ಇತ್ತು,” ಎಂದ ಅವನು ತಲೆ ತಗ್ಗಿಸಿ. “ಅಕ್ಷರಾನೂ. ಫೋನ್ ಮಾಡೋಕೆ ಒಂದು ನೆಪ ಬೇಕಿತ್ತು. ನೀವು ಇಷ್ಟ ಅನ್ನೋಕೆ ಬಾಯಿ ಬರ್ಲಿಲ್ಲ. ಬಣ್ಣ ಸರಿಯಿಲ್ಲ ಅನ್ನೋಕೆ ಬಂತು.”

ಕೇಳಬೇಕೆಂದು ಅವಳು ಒಳಗೊಳಗೇ ಆಸೆಪಟ್ಟಿದ್ದ ಮಾತು ಅದು. ಆದರೆ ಮೊದಲು ಬಂದದ್ದು ಕೋಪ.

“ನಾಲ್ಕು ದಿನ ರೀ! ಆ ಬಣ್ಣಕ್ಕೆ ನಾಲ್ಕು ದಿನ ಕೂತೆ. ನಿಮಗದು ಆಟ. ಒಂದೊಂದು ಫೋನಿಗೂ ನಾನು ಇದಕ್ಕೆ ಲಾಯಕ್ಕಿಲ್ಲ ಅನ್ಕೊಂಡೆ. ಎಂಟು ತಿಂಗಳ ಕೆಲಸ ಬಿಟ್ಟು ಹೋಗ್ತಿದ್ದೆ, ನಿಮ್ಮ ನೆಪಕ್ಕೋಸ್ಕರ!”

ಅವನು ಪೆನ್ನು ತೆಗೆದುಕೊಂಡು ತನ್ನ ಸುಳ್ಳುಗಳನ್ನೆಲ್ಲ ತಾನೇ ಹೊಡೆದುಹಾಕಿದ. ಇಪ್ಪತ್ತೆರಡು ಗೆರೆ. “ಉಳಿದಿದ್ದು ಐದು. ನಾಲ್ಕು ಆಗಲೇ ಸರಿ ಮಾಡಿದೀರಿ. ಐದನೇದು ಇವತ್ತಿನದು. ಇದು ನಿಜವಾದ ತಪ್ಪು, ಇದಕ್ಕೆ ಬೈತೀನಿ. ಆದ್ರೆ ನಿಮ್ಮ ಸಾಫ್ಟ್‌ವೇರ್ ಇಲ್ದೆ ನನ್ನ ಅಂಗಡಿ ಒಂದು ದಿನ ನಡೆಯಲ್ಲ, ಅದೂ ನಿಜ.”

ಅವಳು ಆ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಎಂಟು ತಿಂಗಳಲ್ಲಿ ಐದು ತಪ್ಪು. ತನ್ನ ಕಂಪನಿ ಇದ್ದ ಹಾಗೆ ಅವಳಿಗೆ ಕಂಡದ್ದು ಅಂದೇ ಮೊದಲು.

“ಎದುರಿಗೆ ಕೂತ್ಕೊಳ್ಳಿ,” ಎಂದಳು ಗಡುಸಾಗಿ. “ಅಲ್ಲಾಡಬೇಡಿ.”

ಅವನ ಮುಖ ನೋಡಿಕೊಂಡೇ ಚಿತ್ರದ ಕಣ್ಣುಗಳನ್ನು ಸರಿಮಾಡಿದಳು. ಬಲಗಣ್ಣು ನೋಡುವಾಗ ಅವನು ರೆಪ್ಪೆ ಬಡಿಯಲಿಲ್ಲ. ಎಡಗಣ್ಣಿಗೆ ಬರುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಅವಳು ಮುಕ್ಕಾಲು ಗಂಟೆ ತೆಗೆದುಕೊಂಡಳು.

ಅಲ್ಲಿಂದಲೇ ಉಳಿದ ಅಂಗಡಿಗಳಿಗೆಲ್ಲ ತಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡಳು, ವಿಭಾಗಗಳ ಹಂಗಿಲ್ಲದ ದನಿಯಲ್ಲಿ. ಕೊನೆಗೆ ಹಳೆಯ ಬಾಸ್‌ಗೆ: “ಇಲ್ಲ ಸರ್, ಬರಲ್ಲ. ನನ್ನ ಕೆಲಸ ಇದೆ.”

ಅವಳು ಚೀಲ ಎತ್ತಿಕೊಂಡಾಗ ಅವನು ಬಾಗಿಲತನಕ ಬಂದ. “ಕೋಪ ಹೋಯ್ತಾ?”

“ಇಲ್ಲ. ಇವತ್ತೂ ಸೇರಿ ನಾಲ್ಕು ದಿನ ಇರುತ್ತೆ. ಬಣ್ಣಕ್ಕೆ ಕೂತಷ್ಟು ದಿನ. ಅಲ್ಲೀವರೆಗೆ ಫೋನ್ ಮಾಡಬೇಡಿ.”

ಅವನು ಮಾತು ಉಳಿಸಿಕೊಂಡ. ಶುಕ್ರವಾರ ಫೋನಿಲ್ಲ, ಶನಿವಾರ ಇಲ್ಲ. ಬೇಕಾದಷ್ಟು ಕೆಲಸವಿತ್ತು, ಮಾಡಿದಳು. ಆದರೆ ಬಾಲ್ಕನಿಗೆ ಹೋದಾಗಲೆಲ್ಲ ಕೈ ಜೇಬಿನ ಫೋನ್ ಮುಟ್ಟಿ ನೋಡುತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳೇ ಫೋನ್ ಮಾಡಿದಳು.

“ಹಲೋ,” ಎಂದ ಅವನು ಗಾಬರಿಯಿಂದ. “ಏನಾದ್ರೂ ತಪ್ಪಾಯ್ತಾ?”

“ಇಲ್ಲ.”

“ಮತ್ತೆ? ಕೋಪಕ್ಕೆ ಇನ್ನೂ ಒಂದು ದಿನ ಇದೆ ಅಲ್ವಾ?”

“ಇದೆ,” ಎಂದಳು. “ಕಾಯೋಕೆ ನನ್ನ ಕೈಲಿ ಆಗ್ತಿಲ್ಲ.”