ಕೋಚ್ ಹೊಲಿಂಜರ್‌ನ ಮರದ ಕೋಲು

ಥಾರ್ನ್‌ಬರಿ ಕಾಲೇಜಿನ ಲಾಕ್ರಾಸ್ ತಂಡದ ಕೋಲುಗಳನ್ನೆಲ್ಲ ಯಾರೋ ಕತ್ತರಿಸಿ ಹಾಕಿದ್ದಾರೆ ಎಂದು ಫೋನ್ ಬಂದಾಗ ನಾನು ಮೊದಲು ನಕ್ಕುಬಿಟ್ಟೆ. ಆ ಕೋಲುಗಳು ನೆಟ್ಟಗಿದ್ದಾಗ ಮಾತ್ರ ಏನು ಕಡಿದು ಕಟ್ಟೆ ಹಾಕಿದ್ದವು?

ಆದರೂ ಹೋದೆ. ಊರಿನ ಪತ್ರಿಕೆಗೆ ಕ್ರೀಡಾ ಸುದ್ದಿ ಬರೆಯುವವಳು ನಾನೊಬ್ಬಳೇ. ಈ ತಂಡದ ಸೋಲುಗಳನ್ನು ಬಗೆಬಗೆಯಾಗಿ ಬರೆದು ನನ್ನ ಹತ್ತಿರ ಪದಗಳೇ ಮುಗಿದುಹೋಗಿದ್ದವು.

ಶುಕ್ರವಾರ ಬೆಳಿಗ್ಗೆ. ಏಪ್ರಿಲ್ ಬಂದರೂ ಮೈದಾನದ ಅಂಚಿನಲ್ಲಿ ಕೊಳಕು ಹಿಮ ಹಾಗೇ ಬಿದ್ದಿತ್ತು. ತಂಡದ ಕೋಣೆಯ ಬಾಗಿಲಿಗೆ ಹಳದಿ ಪಟ್ಟಿ ಕಟ್ಟಿ ಓಡೆಲ್ ಕ್ರಂಪ್ ನಿಂತಿದ್ದ. ಕಾಲೇಜಿನ ಭದ್ರತಾ ಅಧಿಕಾರಿ. ಮೊದಲು ಊರಿನ ಪೊಲೀಸ್ ಠಾಣೆಯಲ್ಲಿದ್ದವನು. ಬೆಳಗಿನ ಸುತ್ತಿನಲ್ಲಿ ಕೋಣೆ ತೆರೆದು ಇದನ್ನು ಮೊದಲು ಕಂಡವನೂ ಅವನೇ.

"ಒಳಗೆ ಯಾರೂ ಬರೋ ಹಾಗಿಲ್ಲ ಲೋರ್ನಾ. ಇಲ್ಲಿಂದ್ಲೇ ನೋಡ್ಕೋ."

ನೋಡಿದೆ. ನಗು ನಿಂತಿತು.

ಪ್ರತಿ ಕೋಲಿನ ತುದಿಯ ಬಲೆಯನ್ನೂ ಸೀಳಿದ್ದರು. ಲಾಕ್ರಾಸ್ ಆಡುವವನಿಗೆ ಆ ಬಲೆಯೇ ಅಂಗೈ. ಚೆಂಡನ್ನು ಹಿಡಿಯುವುದೂ ಅದರಿಂದ, ಎಸೆಯುವುದೂ ಅದರಿಂದ. ಹೊಸ ಬಲೆ ಕಟ್ಟಿದರೆ ಸಾಲದು, ವಾರಗಟ್ಟಲೆ ಗೋಡೆಗೆ ಚೆಂಡು ಹೊಡೆದು ಹೊಡೆದು ಅದನ್ನು ಕೈಗೆ ಪಳಗಿಸಬೇಕು. ಬೇರೆಯವರ ಬಲೆಯಲ್ಲಿ ಎಸೆದ ಚೆಂಡು ಎತ್ತ ಹೋಗುತ್ತದೋ ಆ ದೇವರೇ ಬಲ್ಲ. ಹೆಚ್ಚುವರಿ ಕೋಲುಗಳನ್ನೂ ಬಿಟ್ಟಿರಲಿಲ್ಲ. ನೆಲದ ತುಂಬ ಬಿಳಿ ದಾರದ ಚೂರುಗಳು, ಮುದುಕರ ಕ್ಷೌರದಂಗಡಿಯ ನೆಲದ ಹಾಗೆ.

ಮಾರನೆಯ ದಿನ ಕ್ರಾಸ್ಲೀ ಕಾಲೇಜಿನ ಮೇಲೆ ಪಂದ್ಯ.

ಅಷ್ಟರಲ್ಲಿ ಕೋಚ್ ಗ್ರಾಂಟ್ ಹೊಲಿಂಜರ್ ಓಡೋಡಿ ಬಂದ. ಓಡೆಲ್ ಅವನ ಎದೆಗೆ ಕೈಯಿಟ್ಟು ಹೊಸ್ತಿಲಲ್ಲೇ ತಡೆದ. ಕೋಚ್ ಎದುರಿನ ಗೋಡೆಗೆ ತೂಗುಹಾಕಿದ್ದ ಮರದ ಕೋಲು ನೋಡಿದವನೇ ಮುಖ ಮುಚ್ಚಿಕೊಂಡ.

"ನನ್ನ ಕೋಲನ್ನೂ ಬಿಡ್ಲಿಲ್ವಲ್ಲ ಓಡೆಲ್! ನನ್ನ ಕೋಲು! ಹಾಳ್ ಮಾಡಿಬಿಟ್ರು!"

ಆ ಮರದ ಕೋಲು ಊರಿಗೆಲ್ಲ ಗೊತ್ತು. ಹೊಲಿಂಜರ್ ಇದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಫೈನಲ್ ಗೆದ್ದ ಕೋಲು. ಚರ್ಮದ ಪಟ್ಟಿಗಳ ನಡುವೆ ಕಡುಗೆಂಪು ದಾರ ಹೆಣೆದ ಹಳೇ ಕಾಲದ ಬಲೆ. ಅದನ್ನೆತ್ತಿ ಹಿಡಿದ ಅವನ ಫೋಟೋ ಕಾಲೇಜಿನ ಊಟದ ಕೋಣೆಯಲ್ಲಿ ಬಾಗಿಲಿನಷ್ಟು ದೊಡ್ಡದಾಗಿ ನೇತಾಡುತ್ತದೆ. ಅವನು ಜೀವನದಲ್ಲಿ ಗೆದ್ದದ್ದು ಅದೊಂದೇ. ಅದೊಂದನ್ನೇ ಜಗಿಯುತ್ತ ಇಷ್ಟು ವರ್ಷ ಕೋಚ್ ಕುರ್ಚಿ ಬಿಸಿ ಮಾಡಿದ್ದ.

ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. "ಬರ್ಕೊಳಿ ಲೋರ್ನಾ. ಕೋಚಿಂಗ್ ಸರಿ ಇಲ್ಲ, ಕೋಚಿಂಗ್ ಸರಿ ಇಲ್ಲ ಅಂತ ವಾರಾ ವಾರಾ ಗೀಚ್ತಿದ್ರಲ್ಲ. ಇಂಥ ಹುಡುಗರನ್ನ ಕಟ್ಕೊಂಡು ಯಾವನು ಗೆಲ್ಲಿಸ್ತಾನೆ, ಅದನ್ನೂ ಬರೀರಿ."

"ಯಾವ ಹುಡುಗ, ಕೋಚ್?"

"ಯಾವನು ಅಂತ ಬೇರೆ ಕೇಳ್ಬೇಕಾ? ಮೈಕಾ ಟೋಲ್ಯಾಂಡ್!"

* * *

ಊರಲ್ಲಿ ಎರಡು ಪಂಗಡಗಳಾಗಿ ವರ್ಷಗಳೇ ಆಗಿದ್ದವು. ಕೋಚ್ ದಂಡ ಎನ್ನುವವರು ಒಂದು ಕಡೆ, ಹುಡುಗರು ದಂಡ ಎನ್ನುವವರು ಇನ್ನೊಂದು ಕಡೆ. ಬೇಕರಿಯಲ್ಲಿ ಕಾಫಿ ಲೋಟ ಮೇಜಿಗೆ ಕುಕ್ಕಿ ಜಗಳ. ಎರಡನೇ ಪಂಗಡದವರೆಲ್ಲ ಹೊಲಿಂಜರ್ ಜೊತೆ ಓದಿದ ಹೊಟ್ಟೆ ಬಿಟ್ಟ ಮಹಾಶಯರು. ಅವನು ಹೋದರೆ ಇವರ ಯೌವನವೇ ಹೋದ ಹಾಗೆ ಆಡುತ್ತಿದ್ದರು.

ತಂಡದ ನಾಯಕನಾಗಿದ್ದ ಮೈಕಾ ಎರಡು ವಾರದ ಹಿಂದೆ ಹಳೇ ವಿದ್ಯಾರ್ಥಿಗಳ ಪ್ಯಾನ್‌ಕೇಕ್ ಕೂಟದಲ್ಲಿ ಎದ್ದು ನಿಂತು ಕೇಳಿದ್ದ: "ಕೋಚ್, ನಾಲ್ಕು ವರ್ಷದಲ್ಲಿ ನೀವು ನಂಗೆ ಹೇಳಿಕೊಟ್ಟಿದ್ದು ಒಂದೇ ಒಂದು ಹೇಳಿ ನೋಡೋಣ." ಹೊಲಿಂಜರ್ ತಟ್ಟೆ ಬಿಟ್ಟು ಎದ್ದು ಹೋದ. ಮಾರನೆಯ ದಿನ ಮೈಕಾನನ್ನು ತಂಡದಿಂದ ಕಿತ್ತು ಹಾಕಿದ. ಅವನ ಕೋಲನ್ನೂ ಕಸಿದು ಕೋಣೆಯಲ್ಲಿ ಇಟ್ಟುಕೊಂಡ. ಅದು ಕಾಲೇಜಿನ ಸ್ವತ್ತಂತೆ.

ಈಗ ಮೈಕಾ ಜಿಮ್ಮಿನ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ.

"ಸಾಯಂಕಾಲ ವಿಚಾರಣೆ ಅಂತೆ. ಕಾಲೇಜಿಂದ್ಲೇ ತೆಗೀತಾರಂತೆ. ಮುಂದಿನ ತಿಂಗಳು ಡಿಗ್ರಿ ಸಿಗ್ಬೇಕಿತ್ತು, ಲೋರ್ನಾ. ನಮ್ಮಮ್ಮ ಆಗ್ಲೇ ಹೊಸ ಉಡುಪು ತಗೊಂಡು ಇಟ್ಕೊಂಡಿದಾಳೆ."

"ನೀನೇ ಮಾಡಿದ್ಯಾ?"

"ನನ್ ಕೋಲೂ ಅದರಲ್ಲೇ ಇತ್ತಲ್ಲ!"

"ಅನುಮಾನ ಬರದಿರಲಿ ಅಂತ ಅದನ್ನೂ ಕತ್ತರಿಸಿದ್ಯಂತೆ. ಕೋಚ್ ಹೇಳ್ತಾನೆ."

ಹುಡುಗನ ಕಣ್ಣಲ್ಲಿ ನೀರೇ ಬಂತು. "ತನ್ನ ಕೋಲನ್ನೇ ಯಾರಾದ್ರೂ ಹಾಗೆ ಮಾಡ್ಕೋತಾರಾ? ಪಳಗಿದ ಬಲೆ ಅದು!"

ಅವನ ವಿರುದ್ಧ ಇದ್ದದ್ದು ಕೋಣೆಯ ಬಾಗಿಲು ತೆರೆಯುವ ಕಾರ್ಡಿನ ದಾಖಲೆ. ಹಿಂದಿನ ಸಂಜೆ ಅಭ್ಯಾಸ ಮುಗಿದ ಮೇಲೆ ಬೆಳಿಗ್ಗೆ ಓಡೆಲ್ ಬರುವ ತನಕ ಆ ಬಾಗಿಲು ತೆರೆದದ್ದು ಒಂದೇ ಸಲ, ಮೈಕಾನ ಕಾರ್ಡಿನಿಂದ. ಬೂಟು ತರಲು ಹೋಗಿದ್ದನಂತೆ. ತಂಡದಿಂದ ತೆಗೆದ ಮೇಲೂ ಅವನ ಕಾರ್ಡನ್ನು ರದ್ದು ಮಾಡಿಸಲು ಕೋಚ್ ಮರೆತಿದ್ದನಂತೆ. ಹುಡುಗರ ಹೆಸರನ್ನೇ ಮರೆಯುವ ಮನುಷ್ಯ, ನಂಬೋಣ.

* * *

ಸಹಾಯಕ ಕೋಚ್ ಬ್ರೆಂಡನ್ ಫೇ ಹುಡುಗರಿಗೆ ಪಾಸ್ತಾ ಬಡಿಸುತ್ತಿದ್ದ. ಪಂದ್ಯದ ಹಿಂದಿನ ದಿನದ ಊಟ. ಒಬ್ಬನೂ ತಿನ್ನುತ್ತಿರಲಿಲ್ಲ.

"ಕ್ರಾಸ್ಲೀಯವರು ಮಾಡಿರ್ಬಹುದಾ?" ಎಂದೆ.

ಬ್ರೆಂಡನ್ ಗೊಳ್ಳೆಂದು ನಕ್ಕ. "ಅವರಾ? ಪ್ರತಿ ವರ್ಷ ನಮ್ಮನ್ನ ಅರೆದು ಚಟ್ನಿ ಮಾಡ್ತಾರೆ. ಅವರು ನಮ್ಮ ಕೋಲಿಗೆ ಕಾವಲು ಕೂರ್ತಾರೆಯೇ ಹೊರತು ಕತ್ತರಿಸಲ್ಲ."

"ಹಾಗಾದ್ರೆ ನೀನು? ಹೊಲಿಂಜರ್ ಕುರ್ಚಿ ಮೇಲೆ ನಿಂಗೆ ಕಣ್ಣಿದೆ ಅಂತಾರೆ."

"ಇದೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಾಳೆ ಸೋತರೆ ಅವನನ್ನ ಮನೆಗೆ ಕಳಿಸ್ತೀವಿ ಅಂತ ಆಡಳಿತದವರೇ ಹೇಳಿದಾರೆ. ನಾನು ಸುಮ್ನೆ ಕೂತಿದ್ರೆ ಸಾಕಿತ್ತು. ಈಗ ನೋಡು, ಪಂದ್ಯವೇ ರದ್ದಾಗೋ ಹಾಗಿದೆ. ರದ್ದಾದ್ರೆ ಸೋಲೂ ಇಲ್ಲ, ಏನೂ ಇಲ್ಲ."

ಅವನ ಮಾತು ಸರಿ ಎನಿಸಿತು. ಹಾಗಾದರೆ ಪಂದ್ಯ ನಿಂತರೆ ಲಾಭ ಯಾರಿಗೆ? ಆದರೆ ಹೊಲಿಂಜರ್‌ನ ಸ್ವಂತ ಕೋಲೂ ಹೋಗಿತ್ತಲ್ಲ. ತನ್ನ ದೇವರ ಪಟವನ್ನು ತಾನೇ ಯಾರಾದರೂ ಒಡೆಯುತ್ತಾರೆಯೇ?

* * *

ಓಡೆಲ್ ಕೋಲುಗಳನ್ನೂ ನೆಲದ ಕಸವನ್ನೂ ಚೀಲಗಳಲ್ಲಿ ತುಂಬಿ ತನ್ನ ಆಫೀಸಿನಲ್ಲಿ ಇಟ್ಟಿದ್ದ.

"ಹುಡುಗನೇ ಮಾಡಿರೋದು ಬಿಡು. ನೋಡೋದೇನಿದೆ?" ಎಂದು ಡೋನಟ್ ಕಚ್ಚಿದ.

"ನೀನು ನೋಡ್ದೆ ಇರೋದನ್ನ ನೋಡ್ತೀನಿ. ನೀನು ತಿನ್ನು."

ಒಂದೊಂದೇ ಕೋಲು ತೆಗೆದೆ. ಎಲ್ಲವನ್ನೂ ಒಂದೇ ಎಳೆತಕ್ಕೆ ಸೀಳಿದ್ದರು, ತರಾತುರಿಯಲ್ಲಿ. ಒಂದು ಕೋಲಿನದು ಮಾತ್ರ ನೋಡಲಾಗದಂತಿತ್ತು. ಬಲೆ ಚಿಂದಿಯಾಗಿ, ಪ್ಲಾಸ್ಟಿಕ್ ಚೌಕಟ್ಟಿನ ಮೇಲೂ ಚಾಕುವಿನ ಗೀರು. ಹಿಡಿಯ ಮೇಲೆ ಮೈಕಾನ ಹೆಸರು.

ಕೊನೆಗೆ ಮರದ ಕೋಲು ತೆಗೆದೆ. ಎರಡು ಸಲ ತಿರುಗಿಸಿ ನೋಡಿದೆ.

"ಓಡೆಲ್, ಡೋನಟ್ ಕೆಳಗಿಡು. ಈ ಚರ್ಮದ ಪಟ್ಟಿಗಳ ಮೇಲೆ ಒಂದಾದ್ರೂ ಗೀರು ತೋರಿಸು."

ಅವನು ಕನ್ನಡಕ ಏರಿಸಿ ಹುಡುಕಿದ. "ಇಲ್ವಲ್ಲ."

"ನಡುವಿನ ದಾರ ಮಾತ್ರ ಕತ್ತರಿಸಿದಾರೆ. ಒಂದೊಂದೇ ಎಳೆ, ಚರ್ಮಕ್ಕೆ ತಾಗದ ಹಾಗೆ. ಹೂ ಬಿಡಿಸಿದ ಹಾಗೆ. ಚರ್ಮ ಚೆನ್ನಾಗಿದ್ರೆ ಬಲೆಯ ಆಕಾರ ಹಾಗೇ ಇರುತ್ತೆ. ದಾರ ಕಟ್ಟಿದ್ರೆ ಈವತ್ತೇ ಆಡ್ಬಹುದು."

"ಅಂದ್ರೆ?"

"ಕೋಚ್ ಮೇಲೆ ಹಲ್ಲು ಕಡೀತಿದ್ದ ಹುಡುಗ ತನ್ನ ಕೋಲನ್ನ ಚಿಂದಿ ಮಾಡಿ, ಕೋಚ್ ಕೋಲನ್ನ ಕೂಸಿನ ಹಾಗೆ ನೋಡ್ಕೊಂಡಿದಾನೆ. ನಿಂಗೆ ಸರಿ ಕಾಣುತ್ತಾ?"

ಓಡೆಲ್ ಬಾಯಿ ಒರೆಸಿಕೊಂಡ. ನಾನು ಕಸದ ಚೀಲವನ್ನು ನೆಲಕ್ಕೆ ಸುರಿದೆ. ಇಬ್ಬರೂ ಮಂಡಿಯೂರಿ ಹುಡುಕಿದೆವು. ಬಿಳಿ, ಬಿಳಿ, ಬರೀ ಬಿಳಿ. ಕಡುಗೆಂಪು ದಾರದ ಒಂದು ಚೂರೂ ಇರಲಿಲ್ಲ.

"ಕೋಚ್ ಆಫೀಸಿನಿಂದ ಆ ಕೋಣೆಗೆ ಒಳಬಾಗಿಲು ಇದೆ ಅಲ್ವಾ?"

"ಇದೆ," ಎಂದ ಓಡೆಲ್ ಮೆಲ್ಲಗೆ. "ಅದಕ್ಕೆ ಕಾರ್ಡು ಬೇಡ."

* * *

ವಿಚಾರಣೆಗೆ ಆರೋಪಿ ತನ್ನ ಕಡೆಯವರೊಬ್ಬರನ್ನು ಕರೆತರಬಹುದು. ಮೈಕಾ ನನ್ನನ್ನು ಕರೆತಂದಿದ್ದ. ಮೇಜಿನ ತಲೆಯಲ್ಲಿ ಡೀನ್ ಪೆಟ್ರೀಷಿಯಾ ಸ್ಟ್ರೌಡ್, ಬದಿಯಲ್ಲಿ ಬ್ರೆಂಡನ್, ಬಾಗಿಲ ಬಳಿ ಓಡೆಲ್. ಹೊಲಿಂಜರ್ ಕಡುಗೆಂಪು ಕೋಟು ಹಾಕಿ ಸೂತಕದ ಮುಖ ಮಾಡಿಕೊಂಡು ಕೂತಿದ್ದ.

"ನಂಗೇನೂ ದ್ವೇಷ ಇಲ್ಲ," ಎಂದ. "ಹುಡುಗನಿಗೆ ಒಳ್ಳೇದಾಗ್ಲಿ. ಬೇರೆ ಕಡೆ."

ನಾನು ಮರದ ಕೋಲನ್ನು ಮೇಜಿನ ಮೇಲಿಟ್ಟೆ.

"ಒಂದು ಖುಷಿ ಸುದ್ದಿ ಕೋಚ್. ನಿಮ್ಮ ಕೋಲು ಸರಿಹೋಗುತ್ತೆ. ಚರ್ಮಕ್ಕೆ ಏನೂ ಆಗಿಲ್ಲ. ಬ್ರೆಂಡನ್ ಹತ್ರ ಬಿಳಿ ದಾರ ಇದೆ, ಈಗ್ಲೇ ಕಟ್ಟಿಸಿಬಿಡೋಣ."

"ಬಿಳಿ ದಾರಾನಾ?" ಅವನು ಉರಿದುಬಿದ್ದ. "ಫೈನಲ್ ಗೆದ್ದ ಕೋಲಿಗೆ ಅಂಗಡಿ ದಾರ ಕಟ್ತೀರಾ? ಆಗಿನ ದಾರಕ್ಕೇ ಗಂಟು ಹಾಕಿ ನಾನೇ ಕಟ್ಕೋತೀನಿ. ಜೋಪಾನವಾಗಿ ಎತ್ತಿಟ್ಟಿದೀನಿ."

ನಾನು ಓಡೆಲ್ ಕಡೆ ನೋಡಿದೆ.

"ಎಲ್ಲಿಂದ ಎತ್ತಿಟ್ರಿ?" ಎಂದೆ.

"ಎಲ್ಲಿಂದ ಅಂದ್ರೆ? ನೆಲದಿಂದ. ಬೆಳಿಗ್ಗೆ."

ಓಡೆಲ್ ಕೆಮ್ಮಿದ. "ಕೋಚ್, ನೀವು ಒಳಗೆ ಕಾಲೇ ಇಟ್ಟಿಲ್ಲ. ಹೊಸ್ತಿಲಲ್ಲೇ ತಡೆದೆ. ಕೋಣೆ ತೆರೆದಾಗಿಂದ ಪಟ್ಟಿ ದಾಟಿದೋನು ನಾನೊಬ್ಬನೇ. ಕಸವನ್ನೂ ನಾನೇ ಗುಡಿಸಿದ್ದು, ಅಲ್ಲೀತನಕ ಕೋಣೆ ಬಿಟ್ಟು ಕದಲಿಲ್ಲ."

ಡೀನ್ ಬ್ರೆಂಡನ್ ಕಡೆ ನೋಡಿದಳು. ಕೋಚ್ ತನ್ನ ಅಮೂಲ್ಯ ವಸ್ತುಗಳನ್ನೆಲ್ಲ ಎಲ್ಲಿಡುತ್ತಾನೆಂದು ಬಲ್ಲ ಬ್ರೆಂಡನ್ ಎದ್ದು ಹೋಗಿ, ಕೋಚ್ ಆಫೀಸಿನ ಕಪಾಟಿನಲ್ಲಿದ್ದ, ಆ ಫೈನಲ್‌ನಲ್ಲಿ ಗೆದ್ದ ಬೆಳ್ಳಿ ಬಟ್ಟಲು ತಂದು ಮೇಜಿನ ಮೇಲೆ ಬೋರಲು ಹಾಕಿದ. ಕಡುಗೆಂಪು ದಾರದ ಚೂರುಗಳು ಉದುರಿದವು.

"ನಾಳೆ ಸೋತರೆ ನೌಕರಿ ಹೋಗುತ್ತೆ," ನಾನು ಡೀನ್‌ಗೆ ಹೇಳಿದೆ. "ಗೆಲ್ಲಿಸೋಕೆ ಬರಲ್ಲ. ಕೋಲೇ ಇಲ್ಲದಿದ್ರೆ ಪಂದ್ಯ ಇಲ್ಲ. ತಪ್ಪು ಮೈಕಾನ ತಲೆಗೆ ಬಂದ್ರೆ, ಕೋಚಿಂಗ್ ಬಗ್ಗೆ ಬಾಯಿ ತೆಗೆದವರೆಲ್ಲ ಪುಂಡರು ಅಂತ ಆಗುತ್ತೆ. ಅದಕ್ಕೇ ಅವನ ಕಾರ್ಡನ್ನ ಬೇಕಂತಲೇ ಬಿಟ್ಟ. ನಿನ್ನೆ ಸಂಜೆ ಹುಡುಗ ಬಂದು ಹೋಗಿದ್ದೇ ತಡ, ಒಳಬಾಗಿಲಿಂದ ಬಂದು ಸೀಳಿದ. ಅನುಮಾನ ಬರದ ಹಾಗೆ ತನ್ನ ಕೋಲನ್ನೂ ಕತ್ತರಿಸ್ಲೇಬೇಕಿತ್ತು. ಅದನ್ನ ಮಾತ್ರ ನಿಧಾನವಾಗಿ ಕತ್ತರಿಸಿದ. ಚರ್ಮ ಉಳಿಸಿದ. ದಾರವನ್ನೂ ಎಸೆಯೋಕೆ ಮನಸ್ಸು ಬರ್ಲಿಲ್ಲ. ಯಾರನ್ನ ಕಂಡ್ರೆ ಆಗಲ್ಲ, ಯಾರನ್ನ ಕಂಡ್ರೆ ಪ್ರಾಣ ಅನ್ನೋದು ಆ ಎರಡು ಕೋಲು ನೋಡಿದ್ರೇ ಗೊತ್ತಾಗುತ್ತೆ."

ಹೊಲಿಂಜರ್ ದಾರದ ಚೂರುಗಳನ್ನು ಬಾಚಿ ಬಟ್ಟಲಿಗೆ ಹಾಕಿಕೊಳ್ಳತೊಡಗಿದ. ಆಗಲೂ ಅದೇ ಚಿಂತೆ. ಥೂ.

ಮೈಕಾ ಮೇಜಿನ ಮೇಲೆ ಮುಂದಕ್ಕೆ ಬಾಗಿದ. "ಕೋಚ್, ಒಂದು ಬಲೆ ಪಳಗೋಕೆ ಎಷ್ಟು ಕಷ್ಟ ಅಂತ ನಿಮ್ಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು," ಎಂದ ಹೊಲಿಂಜರ್, ತಲೆ ಎತ್ತದೆ.

ಗೊತ್ತಿತ್ತು. ಗೊತ್ತಿದ್ದೇ ಹುಡುಗರದನ್ನು ಸೀಳಿದ, ಗೊತ್ತಿದ್ದೇ ತನ್ನದನ್ನು ಉಳಿಸಿಕೊಂಡ. ಅವನ ಕೋಚಿಂಗ್ ಬಗ್ಗೆ ನಾನು ಇಷ್ಟು ವರ್ಷ ಬರೆದದ್ದೆಲ್ಲ ಆ ಒಂದು ಮಾತಿನ ಮುಂದೆ ದಂಡ.

* * *

ಶನಿವಾರ ಕ್ರಾಸ್ಲೀಯವರು ತಮ್ಮ ಹೆಚ್ಚುವರಿ ಕೋಲುಗಳನ್ನು ಚೀಲಗಟ್ಟಲೆ ಹೊತ್ತು ತಂದು ನಮ್ಮ ಹುಡುಗರ ಮುಂದೆ ಹಾಕಿದರು. ಲಾಕ್ರಾಸ್ ಆಡುವವರು ಕೋಲಿಲ್ಲದವನ ಮೇಲೆ ಗೆಲ್ಲುವುದಿಲ್ಲ. ಮೈದಾನದ ಪಕ್ಕದಲ್ಲಿ ಕೋಚ್ ಜಾಗದಲ್ಲಿ ಬ್ರೆಂಡನ್ ನಿಂತಿದ್ದ, ಮೈದಾನದಲ್ಲಿ ಮೈಕಾ ನಾಯಕ.

ಎದುರಾಳಿಗಳ ಕೋಲು, ಕೈಗೆ ಪಳಗದ ಬಲೆ. ಮೊದಲ ಚೆಂಡುಗಳು ಗೋಲು ಬಿಟ್ಟು ಕಾರ್ ನಿಲ್ದಾಣಕ್ಕೆ ಹೋದವು. ಹೊಟ್ಟೆ ಬಿಟ್ಟ ಮಹಾಶಯರು ಎದ್ದು ಹೊರಟರು. ಆಮೇಲೆ ಬ್ರೆಂಡನ್ ಹುಡುಗರನ್ನು ಕರೆದು ಏನೋ ಹೇಳಿದ. ದೂರದಿಂದ ಎಸೆಯುವುದನ್ನು ಬಿಟ್ಟರು. ಹತ್ತಿರ ಹತ್ತಿರ ನಿಂತು, ಕೈಯಿಂದ ಕೈಗೆ ಕೊಟ್ಟ ಹಾಗೆ ಚೆಂಡು ದಾಟಿಸಿದರು. ಯಾರೋ ಒಬ್ಬ ಇವರಿಗೆ ಏನನ್ನೋ ಹೇಳಿಕೊಟ್ಟದ್ದನ್ನು ನಾನು ಮೊದಲ ಸಲ ಕಂಡೆ.

ಒಂದೇ ಒಂದು ಗೋಲಿನಿಂದ ಸೋತರು. ಕ್ರಾಸ್ಲೀಯ ಕೋಚ್ ತನ್ನ ಹುಡುಗರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ನಮ್ಮವರು ಗೆದ್ದವರ ಹಾಗೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕೆಸರಲ್ಲಿ ಬಿದ್ದಿದ್ದರು.

ಹೊಲಿಂಜರ್ ಅಷ್ಟು ಹೊತ್ತಿಗೆ ಊರು ಬಿಟ್ಟಿದ್ದ. ಬೆಳ್ಳಿ ಬಟ್ಟಲು ಕಾಲೇಜಿನದು, ಅದನ್ನು ಕಸಿದುಕೊಂಡರು. ಮರದ ಕೋಲು ಮಾತ್ರ ಅವನ ಸ್ವಂತದ್ದು, ಸಾಕ್ಷಿಯಾಗಿ ಓಡೆಲ್ ಹತ್ತಿರವೇ ಉಳಿದಿತ್ತು. ಅದನ್ನು ಏನು ಮಾಡುವುದೆಂದು ಡೀನ್‌ಗೆ ತಿಳಿಯಲಿಲ್ಲ.

ಸೋಮವಾರ ಓಡೆಲ್ ಆಫೀಸಿಗೆ ಹೋದರೆ ಮೈಕಾ ಅಲ್ಲಿ ಕೂತು ಆ ಕೋಲಿಗೆ ದಾರ ಹೆಣೆಯುತ್ತಿದ್ದ. ಮೇಜಿನ ಮೇಲೆ ಹೊಲಿಂಜರ್‌ನ ವಿಳಾಸ ಬರೆದ ಉದ್ದನೆಯ ಪೆಟ್ಟಿಗೆ.

"ಅಂಥವನಿಗೆ ಯಾಕೋ ಕಟ್ಟಿಕೊಡ್ತೀಯಾ?" ನನಗೆ ಮೈಯೆಲ್ಲ ಉರಿಯಿತು.

ಮೈಕಾ ಗಂಟು ಬಿಗಿದು, ಬಲೆಯಲ್ಲಿ ಚೆಂಡು ಕೂರಿಸಿ ನೋಡಿದ. ಚೆಂಡು ತನ್ನ ಹಳೇ ಜಾಗದಲ್ಲಿ ತಣ್ಣಗೆ ಕೂತಿತು.

"ಪಳಗಿದ ಬಲೆ ಲೋರ್ನಾ," ಎಂದ. "ಇದೇನು ತಪ್ಪು ಮಾಡಿತ್ತು?"

ಕಟ್ಟಿದ್ದು ಬಿಳಿ ದಾರ, ಊರ ಅಂಗಡಿಯದು.