ಕಂಬದಕೊಪ್ಪದ ಮುರಿದ ಬೆರಳು

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಆನವಟ್ಟಿ ಪೊಲೀಸ್ ಠಾಣೆಯ ಮುಂದೆ ಒಂದು ಬೊಲೆರೊ ಬಂದು ನಿಂತಿತು. ಇಳಿದವರು ಕಂಬದಕೊಪ್ಪದ ತೋಟಪ್ಪ. ಊರಿನ ಹಾಳುಗುಡಿಯ ಜೀರ್ಣೋದ್ಧಾರ ಸಮಿತಿಗೆ ಅಧ್ಯಕ್ಷರು, ಪೇಟೆಯಲ್ಲಿ ಟೈಲ್ಸ್ ಅಂಗಡಿಯ ಮಾಲೀಕರು. ಹಣೆ ತುಂಬ ವಿಭೂತಿ, ಮೈಮೇಲೆ ಇಸ್ತ್ರಿ ಮುರಿಯದ ಬಿಳಿ ಅಂಗಿ. ದೂರು ಬರೆಯುವ ಮೊದಲೇ ತೀರ್ಪು ಹೇಳುವವರ ಹಾಗೆ ಪಿಎಸ್‌ಐ ಗಂಗಾಶ್ರೀಯ ಎದುರು ಕುಳಿತರು.

"ಗುಡಿಯ ಮೂರ್ತಿ ಮುರಿದಿದಾರೆ ಮೇಡಂ. ಉಮಾಮಹೇಶ್ವರನ ಮೂರ್ತಿ. ಮುಂದಿನ ಸೋಮವಾರ ಕಳಸ ಇಡೋದಿತ್ತು. ಈಗ ಭಿನ್ನ ಆತು. ಸಂಜೆ ಒಳಗೆ ಅರೆಸ್ಟ್ ಆಗ್ಬೇಕು."

"ಯಾರ ಮೇಲೆ ಅನುಮಾನ?"

"ಅನುಮಾನ ಎಂಥದು? ಅವನು ಸಿಕ್ಕಿದಾನೆ. ಕುರಿ ಕಾಯೋ ಮಾಳೇಶ. ಕಂಬಕ್ಕೆ ಕಟ್ಟಿ ಹಾಕಿದೀವಿ."

ಗಂಗಾಶ್ರೀ ಪೆನ್ನು ಕೆಳಗಿಟ್ಟರು. "ಕಟ್ಟಿ ಹಾಕೋಕೆ ನಿಮಗೆ ಹೇಳಿದ್ದು ಯಾರು?"

"ಊರೋರು ಮೇಡಂ. ಜನ ಸಿಟ್ಟಲ್ಲಿದಾರೆ."

ಪೂಜಾಸ್ಥಳಕ್ಕೆ ಹಾನಿ ಮಾಡಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ಗಂಗಾಶ್ರೀ 'ಅಪರಿಚಿತ' ಎಂದು ಬರೆಸಿದರು. ತೋಟಪ್ಪನವರು ಮುಖ ಗಂಟಿಕ್ಕಿದರು. ಗಂಟಿಕ್ಕಲಿ ಬಿಡಿ.

ಕಂಬದಕೊಪ್ಪ ಶಿಕಾರಿಪುರದ ಗಡಿಗೆ ಒತ್ತಿಕೊಂಡ ಸೊರಬ ತಾಲ್ಲೂಕಿನ ಹಳ್ಳಿ. ಗುಡಿ ಇರುವುದು ಊರ ಹೊರಗೆ, ಕೆರೆ ಏರಿಯ ಪಕ್ಕ. ಚಾಳುಕ್ಯರ ಕಾಲದ್ದು. ಯಾವ ಇಲಾಖೆಯ ರಕ್ಷಣೆಯೂ ಇಲ್ಲ, ನೆನಪಿದ್ದವರ ಕಾಲದಲ್ಲಿ ಪೂಜೆಯೂ ನಡೆದಿಲ್ಲ. ಶಿಕಾರಿಪುರದಲ್ಲಿ ಹೈಸ್ಕೂಲು ಓದುವಾಗ ಗಂಗಾಶ್ರೀ ಅಲ್ಲಿಗೆ ಪ್ರವಾಸ ಬಂದಿದ್ದರು. ಕಪ್ಪು ಬಳಪದ ಕಲ್ಲಿನ ಕಂಬಗಳನ್ನು ಶಿಲ್ಪಿಗಳು ತಿರುಗಣೆಗೆ ಕೊಟ್ಟು ಕಡೆದಿದ್ದರು, ಮುಖ ಕಾಣುವಷ್ಟು ನಯವಾಗಿ. ನವರಂಗದ ಸುತ್ತ ಒರಗಿ ಕೂರಲು ಕಲ್ಲಿನ ಕಟ್ಟೆ, ಗೋಡೆಯಲ್ಲಿ ಬೆಳಕು ಸೋಸುವ ಜಾಲಂಧ್ರ, ಚಾವಣಿಯಲ್ಲಿ ತಲೆಕೆಳಗಾಗಿ ಅರಳಿದ ಕಮಲ. ಒಳಹೋಗುವ ದಾರಿಯ ಪಕ್ಕದ ಶಾಸನವನ್ನು ಮೇಷ್ಟ್ರು ಓದಿ ಹೇಳಿದ್ದರು: ಒಬ್ಬ ಸೆಟ್ಟಿಯ ಹೆಂಡತಿ ನಾಗಿಯಬ್ಬೆ ತನ್ನ ಒಡವೆ ಮಾರಿ ಈ ಗುಡಿ ಕಟ್ಟಿಸಿದಳು, ದಾರಿಹೋಕರು ತಂಗಲಿ ಎಂದು ಬಾಗಿಲಿಡಲಿಲ್ಲ.

ಜೀಪು ಇಳಿದ ಗಂಗಾಶ್ರೀಗೆ ಮೊದಲು ಬಡಿದದ್ದು ಪೇಂಟಿನ ವಾಸನೆ. ಆಮೇಲೆ ಕಂಡದ್ದು ಕಂಬಗಳು. ಥೂ! ಒಂದೊಂದಕ್ಕೂ ಬೆಳ್ಳಿಬಣ್ಣದ ಆಯಿಲ್ ಪೇಂಟ್ ಬಳಿದಿದ್ದರು. ಕಟ್ಟೆಯ ಮೇಲೆ ಬಚ್ಚಲಮನೆಗೆ ಹಾಕುವ ನೀಲಿ ಟೈಲ್ಸ್. ಜಾಲಂಧ್ರದ ತೂತುಗಳಿಗೆ ಬಾವಲಿ ಬರುತ್ತದೆಂದು ಸಿಮೆಂಟು ಮೆತ್ತಿದ್ದರು. ಶಾಸನದ ಕಲ್ಲಿಗೆ ಡ್ರಿಲ್ಲಿಂಗ್ ಮಷಿನ್ನಿನಲ್ಲಿ ನಾಲ್ಕು ತೂತು ಕೊರೆದಿದ್ದರು. ಒಂದು ತೂತು ನಾಗಿಯಬ್ಬೆಯ ಹೆಸರಿನ ಮೇಲೆಯೇ ಇತ್ತು. ಅದರ ಮೇಲೆ ಕೂರಿಸಬೇಕಾದ ಗ್ರಾನೈಟ್ ಫಲಕ ಪಕ್ಕದಲ್ಲಿ ಗೋಡೆಗೆ ಒರಗಿತ್ತು. ದಿವಂಗತ ಮಾಸ್ತಪ್ಪನವರ ಸ್ಮರಣಾರ್ಥ, ಅವರ ಸುಪುತ್ರ ತೋಟಪ್ಪ. ಮೀಸೆ ತಿರುವಿದ ಮಾಸ್ತಪ್ಪನವರ ಫೋಟೋ ಕೂಡ ಕಲ್ಲಿನಲ್ಲಿ ಕೊರೆದಿತ್ತು.

"ಇದನ್ನೆಲ್ಲ ಮಾಡಿದ್ದು ಯಾರು?"

"ನಾವೇ ಮೇಡಂ. ಹೆಂಗೆ ಮಿಂಚ್ತಾ ಇದೆ ನೋಡ್ರಿ," ಎಂದರು ತೋಟಪ್ಪ.

ಹೆಡ್ ಕಾನ್‌ಸ್ಟೇಬಲ್ ಹೂವಪ್ಪ ಗಂಟಲು ಕೆರೆದು ಬೇರೆ ಕಡೆ ನೋಡಿದರು. ಈ ಹೊಲಸಿನ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ.

ಹೊರ ಮಂಟಪದ ಕಂಬಕ್ಕೆ ಮಾಳೇಶನನ್ನು ಎಮ್ಮೆ ಹಗ್ಗದಲ್ಲಿ ಬಿಗಿದಿದ್ದರು. ತುಟಿ ಒಡೆದಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಸುತ್ತ ನಿಂತವರಲ್ಲಿ ಕೆಲವರು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದರು. ಗಂಗಾಶ್ರೀ ತಾವೇ ಹಗ್ಗ ಬಿಚ್ಚಿದರು, ಆ ಮೊಬೈಲುಗಳನ್ನು ಹೂವಪ್ಪನ ಕೈಗೆ ಕೊಡಿಸಿದರು.

"ರಾತ್ರಿ ಇಲ್ಲೇ ಇದ್ಯಾ?"

"ಹೌದ್ರೀ. ಕುರಿ ಇಲ್ಲೇ ತರುಬಿ ಮಲಗೋದು. ನಮ್ಮಪ್ಪನ ಕಾಲದಿಂದ."

"ಮೂರ್ತಿ ಮುಟ್ಟಿದ್ಯಾ?"

"ನಾನು ಒಳಗೇ ಹೋಗಲ್ರೀ. ಬೆಳಕು ಹರಿಯೋವಾಗ ಕುರಿ ಹೊಡ್ಕಂಡು ಕೆರೆ ಕಡೆ ಹೋದೆ. ತಿರುಗಿ ಬಂದ್ರೆ ಹಿಡ್ಕಂಡು ಬಡಿದ್ರು."

"ನೀನು ಹೋಗುವಾಗ ಯಾರಾದ್ರೂ ಗುಡಿ ಕಡೆ ಬಂದ್ರಾ?"

"ಇಲ್ರೀ. ಯಾರೂ ಬರ್ಲಿಲ್ಲ. ಯಾರನ್ನೂ ನೋಡಿಲ್ಲ." ಮಾಳೇಶ ತಲೆ ತಗ್ಗಿಸಿದ. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಿದ್ದ.

ಗಂಗಾಶ್ರೀ ಅವನ ಅಂಗೈ ತಿರುಗಿಸಿ ನೋಡಿದರು. ಕುರಿಹಿಕ್ಕೆ, ಮಣ್ಣು, ಬೇಲಿಮುಳ್ಳಿನ ಗೀರು. ಬಣ್ಣ ಎಲ್ಲೂ ಇರಲಿಲ್ಲ.

ಗರ್ಭಗುಡಿಯಲ್ಲಿ ಪಂಚನಾಮೆ ಶುರುವಾಯಿತು. ಶಿವನ ತೊಡೆಯ ಮೇಲೆ ಕುಳಿತ ಉಮೆ. ಇಬ್ಬರಿಗೂ ತಲೆಯಿಂದ ಕಾಲಿನವರೆಗೆ ಚಿನ್ನದ ಬಣ್ಣ ಮೆತ್ತಿದ್ದರು. ಪೇಂಟರ್ ಹಿಂದಿನ ಸಂಜೆ ಬಳಿದು ಹೋಗಿದ್ದ, ಇನ್ನೂ ಬೆರಳಿಗೆ ಅಂಟುತ್ತಿತ್ತು. ಮುರಿದದ್ದು ಒಂದೇ ಒಂದು ಬೆರಳು. ಉಮೆಯ ಸೊಂಟ ಬಳಸಿದ ಶಿವನ ಎಡಗೈಯ ತೋರುಬೆರಳು. ತುಂಡು ಅಲ್ಲಿರಲಿಲ್ಲ.

"ಒಡೆಯೋಕೆ ಬಂದೋನು ಇಷ್ಟಕ್ಕೇ ಬಿಡ್ತಾನೇನ್ರಿ ಮೇಡಂ?" ಹೂವಪ್ಪ ಟಾರ್ಚ್ ಹಿಡಿದು ಬಗ್ಗಿದರು. "ನಿಧಿ ಆಸೆಗೆ ಬಂದೋನಾದ್ರೆ ಪೀಠ ಅಗೀತಿದ್ದ. ಹೊಟ್ಟೆಕಿಚ್ಚಿಗೆ ಬಂದೋನಾದ್ರೆ ಮುಖ ಜಜ್ಜಿರ್ತಿದ್ದ."

"ಬೆರಳು ಇಷ್ಟು ಸಣ್ಣ ಹೆಂಗಾಯ್ತು?" ಎಂದರು ಗಂಗಾಶ್ರೀ.

ಸುದ್ದಿ ಕೇಳಿ ಬಂದು ನಿಂತಿದ್ದ ಪೇಂಟರ್ ಹಿಂದೆ ಸರಿದ. "ಗ್ರೈಂಡರ್ ಹೊಡೆದಿದ್ವಿ ಮೇಡಂ. ಹಳೇ ಕೊಳೆ ಹೋಗ್ಲಿ ಅಂತ. ಕಲ್ಲು ಮೆತ್ತಗಿತ್ತು, ಸ್ವಲ್ಪ ಸವೀತು."

ಸ್ವಲ್ಪ ಸವೆದಿತ್ತಂತೆ! ಉಮೆಯ ಮೂಗು ಹೆಚ್ಚುಕಡಿಮೆ ಇರಲೇ ಇಲ್ಲ. ಅಷ್ಟು ಕಾಲ ಮಳೆ ಗಾಳಿಗೆ ಹೋಗದ್ದು ಸುಪುತ್ರನ ಭಕ್ತಿಗೆ ಹೋಗಿತ್ತು. ಗಂಗಾಶ್ರೀ ಶಾಸನದ ತೂತು, ಸವೆದ ಮೂಗು, ಎಲ್ಲವನ್ನೂ ಪಂಚನಾಮೆಯಲ್ಲಿ ಬರೆಸಿದರು. ಪಂಚರಾಗಿ ನಿಂತ ಇಬ್ಬರು ತೋಟಪ್ಪನ ಮುಖ ನೋಡಿ ನೋಡಿ ಸಹಿ ಹಾಕಿದರು.

ಇನ್ನೆರಡು ಗುರುತು ಸಿಕ್ಕವು. ಮುರಿದ ಜಾಗದಲ್ಲಿ ಬೆರಳಿನ ಒಂದು ಮಗ್ಗುಲು ಚೂಪಾಗಿ ಕತ್ತರಿಸಿಹೋಗಿತ್ತು, ಎದುರು ಮಗ್ಗುಲು ಒತ್ತಿ ನಜ್ಜಾಗಿತ್ತು. ಉಳಿಯೂ ಅಲ್ಲ, ಸುತ್ತಿಗೆಯೂ ಅಲ್ಲ. ಕತ್ತರಿಸಿದ ಮುಖದ ನಡುವೆ ಕೂದಲೆಳೆಯಷ್ಟು ಎದ್ದ ಒಂದು ಗೆರೆ. ಎರಡನೆಯದು ಉಮೆಯ ಮೇಲಿನ ಬಣ್ಣದಲ್ಲಿ. ಮುಖದಿಂದ ಮೊಣಕಾಲಿನವರೆಗೆ ಬಟ್ಟೆಯ ನೇಯ್ಗೆ ಅಚ್ಚೊತ್ತಿತ್ತು, ಭುಜದ ಹತ್ತಿರ ಹಸಿರು ನೂಲಿನ ಎಳೆ ಅಂಟಿತ್ತು. ಶಿವನ ಮೇಲೆ ಅಂಥ ಗುರುತು ಇರಲಿಲ್ಲ. ಮುರಿಯಲು ಬಂದವರು ಉಮೆಗೆ ಮಾತ್ರ ಬಟ್ಟೆ ಹೊದಿಸಿದ್ದರು.

ಗಂಗಾಶ್ರೀ ಎಳೆಯನ್ನು ಲಕೋಟೆಗೆ ಹಾಕಿ ಮೊಹರು ಮಾಡಿಸಿದರು. ಮಾಳೇಶನನ್ನು ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆಗೆ ಕಳಿಸಿದರು.

"ಅವನನ್ನ ಬಿಟ್ಟುಬಿಟ್ರಾ?" ತೋಟಪ್ಪನವರ ದನಿ ಏರಿತು.

"ನಿಮ್ಮ ಹೇಳಿಕೆ ತಗೋಬೇಕು. ಮನೆಗೆ ನಡೀರಿ."

ತೋಟಪ್ಪನವರ ಮನೆಯ ಹಾಲಿನಲ್ಲಿ ನೆಲ, ಗೋಡೆ ಎಲ್ಲ ಗುಡಿಯ ಕಟ್ಟೆಗೆ ಹಾಕಿದ್ದೇ ಟೈಲ್ಸ್. ನಡುಗೋಡೆಯಲ್ಲಿ ಮಾಸ್ತಪ್ಪನವರ ದೊಡ್ಡ ಫೋಟೋ. ಆ ಕಡೆಯ ಮನೆಗಳಲ್ಲಿ ಬಂದವರು ಪೊಲೀಸರಾದರೂ ಎಲೆಅಡಿಕೆ ಇಡದೆ ಕಳಿಸುವುದಿಲ್ಲ. ತೋಟಪ್ಪನ ಹೆಂಡತಿ ನಾಗಶ್ರೀ ತಟ್ಟೆ ತಂದಿಟ್ಟಳು. ಹೇಳಿಕೆ ಬರೆಯುತ್ತಿದ್ದ ಹೂವಪ್ಪ ಅಭ್ಯಾಸಬಲದಿಂದ ಒಂದು ಹೋಳು ಎತ್ತಿಕೊಂಡರು.

"ಬಾಯಿಗೆ ಹಾಕಬೇಡ್ರಿ," ಎಂದರು ಗಂಗಾಶ್ರೀ.

ಹೂವಪ್ಪ ಕೈ ಹಿಂದೆಳೆದರು. ಗಂಗಾಶ್ರೀ ತಟ್ಟೆಯ ಹೋಳುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಒಂದು ಮಗ್ಗುಲು ಚೂಪಾದ ಕಡಿತ, ಇನ್ನೊಂದು ಮಗ್ಗುಲು ಒತ್ತಿದ ನಜ್ಜು. ಕತ್ತರಿಸಿದ ಮುಖದ ನಡುವೆ ಅದೇ ಗೆರೆ. ಎಲ್ಲ ಹೋಳಿನಲ್ಲೂ ಇತ್ತು. ಅಡಕತ್ತರಿಯ ಅಲಗು ಎಲ್ಲೋ ಗಟ್ಟಿ ಪದಾರ್ಥಕ್ಕೆ ತಾಗಿ ಮುಕ್ಕಾಗಿತ್ತು.

"ಅಡಿಕೆ ಯಾರು ಕತ್ತರಿಸಿದ್ದು?"

"ನಮ್ಮ ಅತ್ತೇರು ಮೇಡಂ," ಎಂದಳು ನಾಗಶ್ರೀ. "ಅವ್ರ ತವರಿನ ಅಡಕತ್ತರಿ. ಬೇರೆಯವರ ಕೈಗೆ ಕೊಡಲ್ಲ. ಊಟ ಬಿಟ್ಟಾರು, ಅಡಿಕೆ ಬಿಡಲ್ಲ."

ತೋಟಪ್ಪನ ತಾಯಿ ವೀರಮ್ಮ ಹಿತ್ತಲ ಕಟ್ಟೆಯಲ್ಲಿ ಕುಳಿತಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ಸಣ್ಣ ಮೈಕಟ್ಟು, ಹಸಿರು ನೂಲಿನ ಹಳೆಯ ಸೀರೆ, ಒಳಕ್ಕೆ ಮಡಿಚಿ ಸಿಕ್ಕಿಸಿದ ಸೆರಗು. ಮಡಿಲಲ್ಲಿ ಎಲೆಅಡಿಕೆಯ ಸಂಚಿ. ಗಂಗಾಶ್ರೀ ಪಕ್ಕದಲ್ಲಿ ಕುಳಿತರು.

"ಅಜ್ಜಿ, ತವರು ಯಾವೂರು?"

"ಶಿಕಾರಿಪುರದ ಕಡೀಗೆ ಬರ್ತದವ್ವ. ಯಾಕ?"

"ನಂದೂ ಅದೇ ಕಡೆ. ಗುಡಿಯ ಮೂರ್ತಿ ಭಿನ್ನ ಆದ ಸುದ್ದಿ ಗೊತ್ತಾಯ್ತಾ?"

"ಗೊತ್ತಾತು."

"ಮಾಳೇಶನ್ನ ಕಂಬಕ್ಕೆ ಕಟ್ಟಿ ಹೊಡೆದಿದ್ದು?"

ಸಂಚಿ ತಡವುತ್ತಿದ್ದ ವೀರಮ್ಮನ ಕೈ ನಿಂತಿತು. "ಮಾಳ್ಯಾನ್ನ? ಯಾಕ ಹೊಡೆದ್ರು? ಯಾರು ಹೊಡೆದ್ರು?"

"ನಿಮ್ಮ ಮಗ, ಇನ್ನೊಂದಷ್ಟು ಜನ. ಕಣ್ಣು ಊದಿದೆ. ಯಾರನ್ನೂ ನೋಡಿಲ್ಲ ಅಂದ."

"ನೋಡಿದ್ದ," ಎಂದರು ವೀರಮ್ಮ. "ಅಯ್ಯೋ ನನ್ನಪ್ಪ, ನೋಡಿದ್ದ. ಹೂವಿಗೆ ಹೊಂಟ್ಯೇನವ್ವ ಅಂತ ಕೇಳಿ ಹೋದ. ನನ್ನ ಸಲುವಾಗಿ ಬಡಿಸಿಕೊಂಡಾನ." ಸಂಚಿಯನ್ನು ಬಿಚ್ಚಿ ಗಂಗಾಶ್ರೀಯ ಕೈಗಿಟ್ಟರು. ಒಳಗೆ ಅಡಕತ್ತರಿ ಇತ್ತು, ತಿರುಗಣಿಯ ಸಂದಿನಲ್ಲಿ ಚಿನ್ನದ ಬಣ್ಣ. ವೀಳ್ಯದೆಲೆಯಲ್ಲಿ ಸುತ್ತಿದ ಕಲ್ಲಿನ ಬೆರಳೂ ಇತ್ತು.

ಬಾಗಿಲಲ್ಲಿ ನಿಂತಿದ್ದ ತೋಟಪ್ಪ ಬೆವರು ಒರೆಸಿಕೊಂಡರು. ಗಂಗಾಶ್ರೀಯನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ಮೇಡಂ, ಅವ್ವಂಗೆ ತಲೆ ನೆಟ್ಟಗಿಲ್ಲ. ಇದನ್ನ ಇಲ್ಲಿಗೇ ಬಿಡ್ರಿ. ಮಾಳೇಶನ ಹೆಸರೇ ಇರ್ಲಿ. ಅವನಿಗೇನು ಹೋಗುತ್ತೆ? ಎರಡು ತಿಂಗಳು ಒಳಗಿದ್ದು ಬರ್ತಾನೆ. ಅವನ ಕುರಿ ನಾನು ನೋಡ್ಕೊಂತೀನಿ."

"ಸಂಜೆ ಒಳಗೆ ಅರೆಸ್ಟ್ ಆಗ್ಬೇಕು ಅಂದಿದ್ರಿ."

"ಅದು ಬೇರೆ ಮೇಡಂ."

"ಥೂ, ನಿಮ್ಮ ಜೊತೆ ಮಾತಾಡಿದ್ರೆ ಬಾಯಿ ತೊಳ್ಕೋಬೇಕು," ಎಂದರು ಗಂಗಾಶ್ರೀ. ಪೊಲೀಸ್ ಅಧಿಕಾರಿ ಆಡುವ ಮಾತಲ್ಲ ಅದು. ಆಡಿಬಿಟ್ಟರು. ಮಾಳೇಶನನ್ನು ಕೂಡಿಹಾಕಿ ಹೊಡೆದದ್ದಕ್ಕೆ ಇನ್ನೊಂದು ಎಫ್‌ಐಆರ್ ಬರೆಯಲು ಹೂವಪ್ಪನಿಗೆ ಹೇಳಿದರು, ಮೊದಲ ಆರೋಪಿ ತೋಟಪ್ಪ. ವಿಡಿಯೋಗಳು ಸಾಕ್ಷಿಯಾಗಿ ಕೈಯಲ್ಲೇ ಇದ್ದವು.

ವೀರಮ್ಮನ ಹೇಳಿಕೆಯನ್ನು ಗಂಗಾಶ್ರೀ ತಾವೇ ಬರೆದುಕೊಂಡರು.

"ಯಾಕೆ ಮುರಿದ್ರಿ ಅಜ್ಜಿ?"

"ಭಿನ್ನ ಆದ ಮೂರ್ತಿಗೆ ಕಳಸ ಇಡಾಂಗಿಲ್ಲ. ಕಳಸ ಇಡದಿದ್ರ ಇವನಪ್ಪನ ಬೋರ್ಡೂ ಇಲ್ಲ."

"ಬೋರ್ಡಿನ ಮೇಲೆ ಅಷ್ಟು ಸಿಟ್ಟು ಯಾಕೆ?"

"ಮದುವಿ ಆಗಿ ಬಂದಾಗ ನನಗ ಹದಿನಾರು. ಇವನಪ್ಪ ಕುಡಿದು ಬಂದ್ರ ಸೌದಿಲೇ ಹೊಡೀತಿದ್ರು. ಓಡಿ ಹೋಗಾಕ ಊರಾಗ ಒಂದು ಮನಿ ಇರಲಿಲ್ಲ. ಬಾಗಿಲು ತಟ್ಟಿದ್ರ ಗಂಡನ ಮನಿಗೆ ಹೋಗು ಅಂತಿದ್ರು. ಹಾಳುಗುಡಿಗೆ ಹೋಗ್ತಿದ್ದೆ. ಆ ಕಲ್ಲಿನ ಕಟ್ಟಿ ತಣ್ಣಗಿರ್ತಿತ್ತು. ಬಾಸುಂಡಿ ಬಂದ ಬೆನ್ನು ಇಟ್ಟು ಮಲಗಿದ್ರ ಉರಿ ಇಳೀತಿತ್ತು. ಉಮಿ ಮುಂದ ಎಲ್ಲ ಹೇಳ್ತಿದ್ದೆ."

"ನಿಮ್ಮ ಮಗನಿಗೆ ಇದು ಗೊತ್ತಾ?"

"ಗೊತ್ತಿಲ್ಲದ ಏನು? ಕರ್ಕೊಂಡು ಬಾ ಅಂತ ಇವನನ್ನೇ ಕಳಿಸ್ತಿದ್ರು. ಸಣ್ಣಾವ, ಅಳ್ತಾ ಬಂದು ನನ್ನ ಸೆರಗು ಹಿಡೀತಿದ್ದ." ಅವರು ಬಾಗಿಲ ಕಡೆ ನೋಡಿದರು. ತೋಟಪ್ಪ ಅಲ್ಲಿರಲಿಲ್ಲ. "ಈಗ ಅಲ್ಲಿ ಅವ್ರ ಫೋಟೋ ಹಾಕ್ತೀನಿ ಅಂದ. ನನ್ನ ಕಟ್ಟಿ ಮ್ಯಾಲೆ ಟೈಲ್ಸ್ ಹಾಕಿದ. ಬ್ಯಾಡಪ್ಪ ಅಂದೆ. ಹೆಸರು ಉಳೀಬೇಕವ್ವ ಅಂದ. ಈ ಊರಾಗ ಅವ್ರ ಹೆಸರು ಇಲ್ಲದ ಜಾಗ ಅದೊಂದೇ ಇತ್ತವ್ವ."

"ಉಮೆಗೆ ಬಟ್ಟೆ ಹೊದಿಸಿದ್ರಿ."

"ಸೆರಗು ಹೊದಿಸಿದೆ. ಚೂರು ಸಿಡಿದು ಅಕಿಗೆ ತಾಗಬಾರದು." ಹಣೆಯ ಮೇಲೆ ಕೈ ಇಟ್ಟುಕೊಂಡರು. "ಶಿವಗ ತಪ್ಪಾತಪ್ಪ ಅಂತ ಕೈ ಮುಗಿದೇ ಮಾಡೀನಿ. ಅವಗ ನಾಕು ಕೈ. ಒಂದು ಬೆರಳಿಗೆ ಬ್ಯಾಸರ ಮಾಡ್ಕೊಳ್ಳಾಂಗಿಲ್ಲ."

ಹೂವಪ್ಪ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಮಧ್ಯಾಹ್ನ ಮೂರಕ್ಕೆ ವೀರಮ್ಮನ ದಸ್ತಗಿರಿಯಾಯಿತು. ಸೊರಬದ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು, ವಯಸ್ಸು ನೋಡಿ ಜಾಮೀನು ಸಿಗಬಹುದಿತ್ತು. ತೋಟಪ್ಪನನ್ನು ಬೇರೆ ಜೀಪಿನಲ್ಲಿ ಕೂರಿಸಿದರು. ತಾಯಿ ಮಗನನ್ನು ಒಂದೇ ಸೀಟಿನಲ್ಲಿ ಕೂರಿಸಲು ಗಂಗಾಶ್ರೀಗೆ ಮನಸ್ಸಾಗಲಿಲ್ಲ.

ಜೀಪು ಕೆರೆ ಏರಿಯ ಮೇಲೆ ಬಂದಾಗ ಗುಡಿಯ ಮುಂದೆ ಸಾರವೆ ಬಿಚ್ಚುತ್ತಿದ್ದರು. ದೇವರಿಗೇ ಮನಸ್ಸಿಲ್ಲ ಎಂದು ಊರ ಹಿರಿಯರು ಕೆಲಸ ನಿಲ್ಲಿಸಿದ್ದರು. ಗ್ರಾನೈಟ್ ಫಲಕ ಟ್ರ್ಯಾಕ್ಟರಿನಲ್ಲಿ ಬೋರಲಾಗಿ ಬಿದ್ದಿತ್ತು. ವೀರಮ್ಮ ಕಿಟಕಿಯಿಂದ ಕತ್ತು ಚಾಚಿದರು.

"ಗುಡೀಗೆ ಬಾಗಿಲು ಇಟ್ಟು ಬೀಗ ಹಾಕ್ತಾರೇನವ್ವ ಇನ್ನ?"

"ಇಲ್ಲ ಅಜ್ಜಿ. ಹಾಕೋದಿಲ್ಲ. ನಾನು ನೋಡ್ಕೊಂತೀನಿ."

"ಹಾಕಬಾರದು," ಎಂದರು ವೀರಮ್ಮ. "ಯಾವ ಹೆಣ್ಣಿಗೆ ಯಾವಾಗ ಬೇಕಾಗ್ತದೋ."