ಜಡೆಮ್ಮನ ಹೆರಿಗೆ

"ಅಳಬೇಡ! ಮೊದಲು ಕಣ್ಣೊರೆಸ್ಕೊ... ನೆಂಟರೆಲ್ಲ ನೋಡ್ತಾ ಇದಾರೆ!"

ನೀಲಮ್ಮ ಸೊಸೆ ತುಂಗಾಳ ಕೈಯಿಂದ ಫೋನು ಕಿತ್ತುಕೊಂಡು ಅಡುಗೆಮನೆಯ ಬಾಗಿಲು ಮುಂದೆ ಮಾಡಿದರು. ಬಸವೇಶ್ವರನಗರದ ಆ ಮನೆಯ ಹಾಲಿನಲ್ಲಿ ಅವರ ಮಗಳು ರಕ್ಷಾಳ ಕೂಸಿಗೆ ತೊಟ್ಟಿಲ ಶಾಸ್ತ್ರ ನಡೆಯುತ್ತಿತ್ತು. ಫೋನು ಬಂದದ್ದು ತುಂಗಾಳ ತವರಿನಿಂದ, ಚಾಮರಾಜನಗರದ ಕಾಡಿನೊಳಗಿನ ಸೋಲಿಗರ ಪುಟ್ಟ ಹಾಡಿ, ಪೋಡಿನಿಂದ. ತಂಗಿ ಜಡೆಮ್ಮ ಗಂಡುಮಗುವನ್ನು ಹೆತ್ತಿದ್ದಳು. ರಕ್ತ ನಿಲ್ಲಲಿಲ್ಲ. ಆಂಬುಲೆನ್ಸ್ ಬರುವ ರಸ್ತೆಯವರೆಗೆ ಕಂಬಳಿಯಲ್ಲಿ ಹೊತ್ತು ತರುವಷ್ಟರಲ್ಲಿ ಉಸಿರು ನಿಂತಿತ್ತು...

ತುಂಗಾ ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ನೀಲಮ್ಮನವರ ಮಗ ಉದಯಕುಮಾರ್ ಅವಳನ್ನು ಮೆಚ್ಚಿ ಮದುವೆಯಾಗಿದ್ದ. ಒಂಬತ್ತು ತಿಂಗಳೂ ನಾದಿನಿ ರಕ್ಷಾಳನ್ನು ಸ್ಕ್ಯಾನಿಂಗಿಗೆ ಕರೆದೊಯ್ದವಳು, ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟವಳು ಅವಳೇ. ಹೆರಿಗೆಯಾದಾಗ ರಕ್ಷಾಗೂ ಹೀಗೆಯೇ ರಕ್ತ ಹರಿದಿತ್ತು. ಹತ್ತು ನಿಮಿಷದಲ್ಲಿ ಇಂಜೆಕ್ಷನ್, ರಕ್ತದ ಬಾಟಲಿ, ಮೂವರು ಡಾಕ್ಟರು!

"ತಂಗೀನೂ ಇಲ್ಲಿಗೇ ಕರೆಸ್ಲಾ ಅತ್ತೆ? ಅಲ್ಲಿ ಡಾಕ್ಟರು ಬರೋದೇ ವಾರಕ್ಕೊಂದು ದಿನ" ಎಂದು ಎರಡು ತಿಂಗಳ ಹಿಂದೆ ತುಂಗಾ ಕೇಳಿದ್ದಳು.

"ಎರಡೆರಡು ಬಾಣಂತನ ಯಾರು ಮಾಡೋರು? ನಿಮ್ಮ ಕಾಡಿನ ಹೆಂಗಸರು ಗಟ್ಟಿ ಕಣೇ, ಕೆಲಸ ಮಾಡ್ತಾ ಮಾಡ್ತಾನೇ ಹೆರ್ತಾರೆ" ಎಂದಿದ್ದರು ನೀಲಮ್ಮ. ಮನೆಯಲ್ಲಿ ಜಗಳ ಬೇಡವೆಂದು ತುಂಗಾ ಸುಮ್ಮನಾಗಿದ್ದಳು. ಎಲ್ಲ ಬಲ್ಲ ನರ್ಸು ಸುಮ್ಮನಾಗಿದ್ದಳು!

"ಗಟ್ಟಿ ಅಂದಿದ್ರಲ್ಲ ಅತ್ತೆ..." ತುಂಗಾ ಕಣ್ಣೊರೆಸಿಕೊಳ್ಳಲಿಲ್ಲ. "ರಕ್ಷಾಗೆ ಆಗಿದ್ದೇ ಅವಳಿಗೂ ಆಗಿದ್ದು. ಗಟ್ಟಿ ಅಂದ್ರೆ ರಕ್ತ ನಿಲ್ಲುತ್ತಾ?"

"ಅವಳ ಹಣೆಬರಹಕ್ಕೆ ನಾನೇನು ಮಾಡ್ಲಿ? ಆರತಿ ಮುಗಿಯೋ ತನಕ ಸುಮ್ನಿರು!"

ಬಾಗಿಲು ತಳ್ಳಿಕೊಂಡು ಉದಯಕುಮಾರ್ ಒಳಗೆ ಬಂದ. "ನಾಳೆ ಕಾರಲ್ಲೇ ಹೋಗೋಣ ತುಂಗಾ... ಈಗ ಹೊರಟ್ರೆ ರಕ್ಷಾ ಬೇಜಾರ್ ಮಾಡ್ಕೊತಾಳೆ."

ತುಂಗಾ ಅತ್ತೆಯ ಕೈಯಿಂದ ಫೋನು ವಾಪಸು ತೆಗೆದುಕೊಂಡಳು. ಉಟ್ಟ ರೇಷ್ಮೆ ಸೀರೆಯಲ್ಲೇ ಮೆಟ್ಟಿಲಿಳಿದು ಆಟೋ ಹತ್ತಿದಳು.

ಬಸ್ಸಿಳಿದು, ನಡೆದು ಪೋಡು ತಲುಪುವಷ್ಟರಲ್ಲಿ ಸಂಜೆಯಾಗಿತ್ತು. ಜಡೆಮ್ಮನನ್ನು ಮಣ್ಣು ಮಾಡಿ ಬಂದಿದ್ದರು. ತಾಯಿ ಕೇತಮ್ಮ ಹಸುಗೂಸನ್ನು ತುಂಗಾಳ ಮಡಿಲಿಗೆ ಹಾಕಿದಳು. ಆಮೇಲೆ ಕೇಳಿದಳು:

"ನೀನು ಆಸ್ಪತ್ರೆ ಕಂಡವ್ಳು, ಹೇಳವ್ವ... ನಿನ್ನ ಮನೇಲಿ ಇದ್ದಿದ್ರೆ ಅವ್ಳು ಉಳೀತಿದ್ಲಾ?"

ಇಲ್ಲ ಎಂದುಬಿಟ್ಟಿದ್ದರೆ ಆ ಮುದಿಜೀವಕ್ಕೆ ಒಂದಿಷ್ಟು ನೆಮ್ಮದಿಯಾದರೂ ಸಿಗುತ್ತಿತ್ತು. ಆದರೆ ತುಂಗಾಳ ನಾಲಿಗೆ ಸುಳ್ಳಿಗೆ ಹೊರಳಲಿಲ್ಲ.

"ಉಳೀತಿದ್ಲು ಅವ್ವ... ನಾನೇ ಕರೆಸ್ಕೊಳ್ಲಿಲ್ಲ."

ಕೇತಮ್ಮ ಬಗ್ಗಿ, ಮಗಳ ಮಡಿಲಿನಿಂದ ಕೂಸನ್ನು ಮೆಲ್ಲಗೆ ವಾಪಸು ಎತ್ತಿಕೊಂಡಳು.